ವೆಲ್ಲೂರಿನ ವೈದ್ಯೆ ಐಡಾ ಸ್ಕಡರ್: ಬದುಕಿನ ದಿಕ್ಕು ಬದಲಿಸಿದ ಒಂದು ರಾತ್ರಿ

ವೆಲ್ಲೂರು ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಊರಿನ ವೈದ್ಯರು ಕೈಚೆಲ್ಲಿದಾಗ ಕೊನೆಯ ಭರವಸೆಯೆಂದು ರೋಗಿಯನ್ನು ಅಲ್ಲಿಗೆ ಕರೆದೊಯ್ದ ಕುಟುಂಬಗಳು ಕರ್ನಾಟಕದಲ್ಲಿಯೂ ಇವೆ. ಈ ಮಹಾಸಂಸ್ಥೆಯನ್ನು ಕಟ್ಟಿದಾಕೆಗೆ ಒಂದು ಕಾಲದಲ್ಲಿ ವೈದ್ಯೆಯಾಗುವ ಅಥವಾ ಭಾರತದಲ್ಲಿ ನೆಲೆಸುವ ಮನಸ್ಸು ಎಳ್ಳಷ್ಟೂ ಇರಲಿಲ್ಲ ಎಂಬುದು ವಿಸ್ಮಯಕರ ಸಂಗತಿ.

ಐಡಾ ಸ್ಕಡರ್ ಜನಿಸಿದ್ದು 1870ರ ಡಿಸೆಂಬರ್ 9ರಂದು, ಅಂದಿನ ಮದರಾಸು ಪ್ರಾಂತ್ಯದ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕ ಬಿಟ್ಟು ಸಿಲೋನಿನತ್ತ ಹಡಗೇರಿದ ಮಿಷನರಿ ವೈದ್ಯ. ತಂದೆಯದೂ ಅದೇ ಮಾರ್ಗ. ಎಳವೆಯಲ್ಲಿಯೇ 1876-78ರ ಭೀಕರ ಕ್ಷಾಮವನ್ನು ಕಂಡಿದ್ದ ಐಡಾಗೆ ಈ ನೆಲದ ನೆನಪೆಂದರೆ ಹಸಿವು ಮತ್ತು ಸಾವು. ಮುಂದೆ ಅಮೆರಿಕದಲ್ಲಿ ಓದುತ್ತಿದ್ದಾಗ, ಅಲ್ಲಿಯೇ ಮದುವೆಯಾಗಿ ನೆಮ್ಮದಿಯಿಂದ ಬಾಳಬೇಕೆಂಬುದು ಆಕೆಯ ಬಯಕೆಯಾಗಿತ್ತು. 1890ರಲ್ಲಿ ತಿಂಡಿವನಂಗೆ ಬಂದದ್ದು ಅಸ್ವಸ್ಥ ತಾಯಿಯ ಆರೈಕೆಗಾಗಿ. ಅದೂ ಕೆಲಕಾಲಕ್ಕೆಂದು ಮಾತ್ರ.

ಹಾಗೆ ಇದ್ದ ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬ ಬಾಗಿಲು ತಟ್ಟಿದ. ಹೆರಿಗೆಯಾಗದೆ ನರಳುತ್ತಿದ್ದ ಪತ್ನಿಗೆ ನೆರವು ಬೇಡಿದ. ವೈದ್ಯರಾದ ತಂದೆ ಬರಲು ಸಿದ್ಧರಿದ್ದರು. ಆದರೆ ಪರಪುರುಷ ಒಳಬರಲು ಸಂಪ್ರದಾಯ ಒಪ್ಪದೆಂದು ಆತ ಹಿಂದಿರುಗಿದ. ಅನಂತರ ಒಬ್ಬ ಮುಸ್ಲಿಂ, ಆ ಬಳಿಕ ಮತ್ತೊಬ್ಬ ಹಿಂದೂ ಇದೇ ಕೋರಿಕೆ ಹೊತ್ತು ಬಂದರು, ಹಾಗೆಯೇ ಮರಳಿದರು. ಚಿಕಿತ್ಸೆ ಬಲ್ಲ ತಂದೆಗೆ ಆ ಮನೆಗಳಲ್ಲಿ ಪ್ರವೇಶವಿರಲಿಲ್ಲ. ಪ್ರವೇಶವಿದ್ದ ಐಡಾಗೆ ಚಿಕಿತ್ಸೆ ತಿಳಿದಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಣ್ಣುಮಕ್ಕಳೂ ಕೊನೆಯುಸಿರೆಳೆದಿದ್ದರು.

ಸುದ್ದಿ ತಿಳಿದ ಐಡಾ ಕೋಣೆಯಲ್ಲಿ ಏಕಾಂತವಾಗಿ ಪ್ರಾರ್ಥನೆಯಲ್ಲಿ ಕುಳಿತರು. ಹೊರಬಂದು, ತಾನು ವೈದ್ಯಶಾಸ್ತ್ರ ಓದಿ ಹಿಂದಿರುಗುವುದಾಗಿ ಹೆತ್ತವರಿಗೆ ತಿಳಿಸಿದರು.

ಆ ಮಾತು ಹುಸಿಯಾಗಲಿಲ್ಲ. 1899ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ದಾನಿಯೊಬ್ಬರು ತಮ್ಮ ದಿವಂಗತ ಪತ್ನಿಯ ಸ್ಮರಣಾರ್ಥ ನೀಡಿದ ಹತ್ತು ಸಾವಿರ ಡಾಲರ್‌ಗಳೊಂದಿಗೆ 1900ರಲ್ಲಿ ವೆಲ್ಲೂರು ತಲುಪಿದರು. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮಾರ್ಗದರ್ಶಕರಿಲ್ಲದ ಹೊಸ ವೈದ್ಯೆ ಒಂದೇ ಹಾಸಿಗೆಯ ಚಿಕಿತ್ಸಾಲಯದಿಂದ ಕೆಲಸ ಆರಂಭಿಸಿದರು. 1902ರಲ್ಲಿ ನಲವತ್ತು ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ತಲೆಯೆತ್ತಿತು. ವೆಲ್ಲೂರಿಗೆ ಬರಲಾರದ ಹಳ್ಳಿಗರಿಗಾಗಿ ರಸ್ತೆಬದಿಯ ಮರದ ನೆರಳೇ ಚಿಕಿತ್ಸಾಲಯವಾಯಿತು.

ತಾನೊಬ್ಬಳೇ ಎಷ್ಟು ದುಡಿದರೂ ಸಾಲದೆಂಬುದು ಐಡಾಗೆ ಬಹುಬೇಗ ಮನವರಿಕೆಯಾಗಿತ್ತು. ಈ ದೇಶದ ಹೆಣ್ಣುಮಕ್ಕಳೇ ವೈದ್ಯರಾಗಬೇಕಿತ್ತು. 1909ರಲ್ಲಿ ದಾದಿಯರ ತರಬೇತಿ ಶಾಲೆ, 1918ರಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆ ತೆರೆದರು. ಕಲಿಯಲು ಹುಡುಗಿಯರು ಬಂದಾರೆಯೇ ಎಂದು ಅಧಿಕಾರಿಗಳೇ ಶಂಕಿಸಿದ್ದರು. ಆದರೆ ಮೊದಲ ತಂಡದಲ್ಲಿ ಕೊನೆಯವರೆಗೆ ಉಳಿದ ಹದಿನಾಲ್ಕು ವಿದ್ಯಾರ್ಥಿನಿಯರೂ 1922ರಲ್ಲಿ ತೇರ್ಗಡೆಯಾದರು.

ಬಾಳಸಂಜೆಯಲ್ಲಿ ಎದುರಾದದ್ದು ಕಠಿಣ ಪರೀಕ್ಷೆ. ಸರ್ಕಾರ ವೈದ್ಯಶಿಕ್ಷಣದ ಮಟ್ಟವನ್ನು ಪದವಿಗೆ ಏರಿಸಿದಾಗ ಸಂಸ್ಥೆಯ ಉಳಿವೇ ಸಂಶಯವಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಐಡಾ ಅಮೆರಿಕಕ್ಕೆ ತೆರಳಿ ಊರೂರು ಸುತ್ತಿ ಹಣ ಸಂಗ್ರಹಿಸಿದರು. ಸಂಸ್ಥೆ ಉಳಿಯಬೇಕಾದರೆ ಪುರುಷರಿಗೂ ಪ್ರವೇಶ ನೀಡಬೇಕೆಂಬ ಸಲಹೆ ಬಂತು. ಸ್ತ್ರೀಯರಿಗಾಗಿಯೇ ಹಣ ಕೊಟ್ಟಿದ್ದ ಹಳೆಯ ಬೆಂಬಲಿಗರು ಮುನಿದರು. ತಾನು ಕಟ್ಟಿದ ರೂಪವೇ ಉಳಿಯಲೆಂದು ಐಡಾ ಹಟ ಹಿಡಿಯಲಿಲ್ಲ. 1942ರಲ್ಲಿ ಎಂಬಿಬಿಎಸ್ ತರಗತಿ ಆರಂಭವಾಯಿತು. 1947ರಲ್ಲಿ ಪುರುಷ ವಿದ್ಯಾರ್ಥಿಗಳೂ ಸೇರಿದರು.

ಅವಿವಾಹಿತರಾಗಿಯೇ ಉಳಿದ ಐಡಾ 1960ರ ಮೇ ತಿಂಗಳಲ್ಲಿ, 89ನೇ ವಯಸ್ಸಿನಲ್ಲಿ ಕೊಡೈಕೆನಾಲ್‌ನಲ್ಲಿ ನಿಧನರಾದರು. ಕ್ರಿಸ್ತನ ಸೇವೆ ಅವರ ಪಾಲಿಗೆ ರೋಗಿಯ ಜಾತಿ, ಮತ ಕೇಳದ ಶುಶ್ರೂಷೆಯಾಗಿತ್ತು. ಬಾಳಿನ ಗುರಿಯನ್ನು ಅವರು ಅರಸಿ ಹೋದವರಲ್ಲ. ಅದು ಅಪರಾತ್ರಿಯಲ್ಲಿ ಮೂರು ಬಾರಿ ಬಂದು ಅವರ ಬಾಗಿಲು ತಟ್ಟಿತು. ಅಂದು ಹೋಗಲಾಗದ ಆ ಮೂರು ಮನೆಗಳ ಋಣವನ್ನು ಅವರು ಜೀವಮಾನವಿಡೀ ತೀರಿಸಿದರು.