ಜಾರ್ಜ್ ವಿಟ್‌ಫೀಲ್ಡ್ ಬೋಧಕರ ಚರಿತ್ರೆ

ಒಬ್ಬನೇ ಕರ್ತನನ್ನು ಸೇವಿಸುವವರ ಮನಸ್ಸಾಕ್ಷಿಯು ಎಲ್ಲಾ ಸಂಗತಿಗಳಲ್ಲಿ ಒಂದೇ ಪ್ರಕಾರ ಇರುವದಿಲ್ಲ. ಆಗ ಪ್ರೀತಿಯು ಮಾಡತಕ್ಕದ್ದೇನೆಂಬದನ್ನು ಈ ಚರಿತ್ರೆಯಿಂದ ತಿಳಿಯಬಹುದು.

ವಿಟ್‌ಫೀಲ್ಡರು 1714ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಒಂದು ವಸತಿಗೃಹದಲ್ಲಿ ಹುಟ್ಟಿದರು. ಎರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಇವರು ಆಕ್ಸ್‌ಫರ್ಡಿನಲ್ಲಿ ಧನಿಕ ವಿದ್ಯಾರ್ಥಿಗಳಿಗೆ ಊಳಿಗಮಾಡಿ ಓದಿದರು. ಅಲ್ಲಿ ವೆಸ್ಲಿ ಸಹೋದರರ ಸ್ನೇಹವಾಯಿತು. 1739ರಲ್ಲಿ ಬ್ರಿಸ್ಟಲಿನ ಬಳಿಯ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯ ಕೂಲಿಯವರಿಗೆ ಬೈಲಿನಲ್ಲಿಯೇ ಸುವಾರ್ತೆಯನ್ನು ಸಾರಿ, ಆ ಕೆಲಸಕ್ಕೆ ಜಾನ್ ವೆಸ್ಲಿಯವರನ್ನೂ ಕರೆಯಿಸಿಕೊಂಡರು.

ಆದರೆ ದೇವರು ಕೆಲವರನ್ನೇ ರಕ್ಷಣೆಗೆ ಮುಂದಾಗಿ ಆರಿಸಿದ್ದಾನೆಂದು ವಿಟ್‌ಫೀಲ್ಡರೂ, ಕೃಪೆಯು ಸಕಲರಿಗೂ ಇದೆಯೆಂದು ವೆಸ್ಲಿಯವರೂ ನಂಬಿದರು. ಒಬ್ಬರ ಪ್ರಸಂಗಕ್ಕೆ ಪ್ರತಿಯಾಗಿ ಮತ್ತೊಬ್ಬರ ಪತ್ರವು ಅಚ್ಚಾಯಿತು. 1741ರಲ್ಲಿ ಇಬ್ಬರೂ ಅಗಲಿದರು, ಜನರೂ ಎರಡು ಪಕ್ಷವಾದರು. ಆದಾಗ್ಯೂ ಕ್ರಮೇಣ ಸಮಾಧಾನವಾಗಿ, ತಂತಮ್ಮ ನಂಬಿಕೆಯನ್ನು ಬಿಡದೆಯೇ 1750ರಲ್ಲಿ ಕೂಡಿ ಆರಾಧನೆ ನಡಿಸಿದರು.

ಆದರೆ ಒಂದು ಭೇದವು ಬೇರೆ ತರದ್ದು. ವಿಟ್‌ಫೀಲ್ಡರು ಜಾರ್ಜಿಯ ಸೀಮೆಯ ತಮ್ಮ ಅನಾಥಾಲಯಕ್ಕೆ ದಾಸರನ್ನಿಟ್ಟು ದುಡಿಸಿದರು. ವೆಸ್ಲಿಯವರು 1774ರಲ್ಲಿ ದಾಸತ್ವವನ್ನು ಖಂಡಿಸಿ ಬರೆದರು. ನೆರೆಯವನ ಬಿಡುಗಡೆಯನ್ನು ಕಸಕೊಳ್ಳುವದು ಸಹಿಸತಕ್ಕ ಅಭಿಪ್ರಾಯಭೇದವಲ್ಲ, ಅದು ಅನ್ಯಾಯವೇ.

ವಿಟ್‌ಫೀಲ್ಡರು 1770ನೇ ಸೆಪ್ಟೆಂಬರ್ 30ರಲ್ಲಿ ಅಮೇರಿಕದ ನ್ಯೂಬರಿಪೋರ್ಟಿನಲ್ಲಿ ನಿದ್ರೆಹೋದರು. ಅವರ ಇಷ್ಟದಂತೆ ನವಂಬರ್ 18ರಲ್ಲಿ ಲಂಡನಿನಲ್ಲಿ ಮರಣಪ್ರಸಂಗ ಮಾಡಿದವರು ವೆಸ್ಲಿಯವರೇ. ಹಳೆಯ ವಿವಾದಕ್ಕೆ ಕೈಹಾಕದೆ ಗೆಳೆಯರ ಪ್ರಯಾಸವನ್ನೂ ಪ್ರೀತಿಯನ್ನೂ ಸ್ಮರಿಸಿದರು. ನಮ್ಮ ಸಭೆಗಳಲ್ಲಿ ನಮ್ಮೊಡನೆ ವಾದಿಸಿದವನನ್ನು ನಾವು ಅಂಥ ಕಾರ್ಯಕ್ಕೆ ಕರೆಯುವೆವೋ? ಪ್ರತಿಯೊಬ್ಬನು ತನ್ನಲ್ಲಿ ವಿಚಾರಿಸಿಕೊಳ್ಳಲಿ.