ಯೂಸುಫ್ ಆದಿಲ್ ಶಾಹ

ಯೂಸುಫ್ ಆದಿಲ್ ಶಾಹ (ಮರಣ: ಕ್ರಿ.ಶ. 1510) ವಿಜಯಪುರದ ಆದಿಲ್ ಶಾಹಿ ಮನೆತನದ ಸ್ಥಾಪಕ. ದಕ್ಷಿಣ ಭಾರತದಲ್ಲಿ ಶಿಯಾ ಪಂಥವನ್ನು ರಾಜಧರ್ಮವಾಗಿ ಘೋಷಿಸಿದ ಮೊದಲ ಸುಲ್ತಾನನೆಂದು ಈತ ಪ್ರಸಿದ್ಧನಾಗಿದ್ದಾನೆ.

ಆರಂಭಿಕ ಜೀವನ

ಈತನ ಮೂಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಇತಿಹಾಸಕಾರ ಫೆರಿಷ್ತಾ ಈತನನ್ನು ತುರ್ಕಿಯ ಆಟೋಮನ್ ರಾಜಕುಮಾರನೆಂದು ಹೇಳಿದ್ದಾನೆ. ಇದನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನನ ಆಶ್ರಯದಲ್ಲಿ ಏಳಿಗೆ ಹೊಂದಿದ ಯೂಸುಫನು, 1481ರಲ್ಲಿ ಗವಾನನ ವಧೆಯಾದ ಬಳಿಕ ಬಹಮನಿ ರಾಜ್ಯ ದುರ್ಬಲವಾಗುತ್ತಿದ್ದಂತೆ, ಸುಮಾರು 1490ರಲ್ಲಿ ವಿಜಯಪುರದಲ್ಲಿ ಸ್ವತಂತ್ರನಾದನು.

ಧಾರ್ಮಿಕ ಘೋಷಣೆ

ಕ್ರಿ.ಶ. 632ರಲ್ಲಿ ಪ್ರವಾದಿ ಮಹಮ್ಮದರು ನಿಧನರಾದಾಗ ಉತ್ತರಾಧಿಕಾರದ ಪ್ರಶ್ನೆ ಎದ್ದಿತು. ಅವರ ಅಳಿಯ ಅಲಿಯವರಿಗೇ ಆ ಹಕ್ಕು ಸಲ್ಲಬೇಕಿತ್ತೆಂದು ನಂಬಿದವರು ಶಿಯಾಗಳೆನಿಸಿದರು. 680ರಲ್ಲಿ ಅಲಿಯವರ ಮಗ ಹುಸೇನರು ಕರ್ಬಲಾದಲ್ಲಿ ಹತರಾದ ಘಟನೆ ಈ ಪಂಥದ ಸಾಮೂಹಿಕ ಸ್ಮೃತಿಯ ಕೇಂದ್ರವಾಯಿತು.

ಇರಾನಿನಲ್ಲಿ ಷಾ ಇಸ್ಮಾಯಿಲನು 1501ರಲ್ಲಿ ಶಿಯಾ ಪಂಥವನ್ನು ಘೋಷಿಸಿದ ಮರುವರ್ಷವೇ, ಹಿಜರಿ 908ರಲ್ಲಿ (ಕ್ರಿ.ಶ. 1502–03), ಯೂಸುಫನು ವಿಜಯಪುರದಲ್ಲಿ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದನು. ಆದರೆ ಪ್ರವಾದಿಯ ಸಂಗಾತಿಗಳನ್ನು ನಿಂದಿಸುವುದನ್ನು ನಿಷೇಧಿಸಿದನು. ಸುನ್ನಿ ಸರದಾರರಿಗೆ ತಮ್ಮ ಪದ್ಧತಿಯಲ್ಲೇ ಮುಂದುವರಿಯಲು ಅವಕಾಶವಿತ್ತನು. ಆದರೂ ನೆರೆಯ ಅರಸರು ಒಂದುಗೂಡಿ ದಂಡೆತ್ತಿ ಬಂದುದರಿಂದ ಕೆಲಕಾಲ ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಪಾಯ ಕಳೆದ ಮೇಲೆ ಅದನ್ನು ಮತ್ತೆ ಜಾರಿಗೆ ತಂದನು.

ಕುಟುಂಬ ಮತ್ತು ಮರಣ

ಈತನು ಮರಾಠಾ ನಾಯಕ ಮುಕುಂದರಾಯನ ಸಹೋದರಿಯನ್ನು ವಿವಾಹವಾಗಿದ್ದನು. 1510ರಲ್ಲಿ ನಿಧನನಾದ ಈತನ ಸಮಾಧಿ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿದೆ. ಮಗ ಇಸ್ಮಾಯಿಲನು ಪಟ್ಟವೇರಿದನು.

ಪರಿಣಾಮ

ಮುಂದಿನ ಅರಸರಲ್ಲಿ ಒಂದನೆಯ ಇಬ್ರಾಹಿಮನು ಸುನ್ನಿ ಪಂಥಕ್ಕೆ ಮರಳಿದನು. ಒಂದನೆಯ ಅಲಿ ಆದಿಲ್ ಶಾಹನು 1558ರಲ್ಲಿ ಶಿಯಾ ಪಂಥವನ್ನು ಪುನಃ ಸ್ಥಾಪಿಸಿದನು. ಹೀಗೆ ಏಳನೆಯ ಶತಮಾನದ ಅರೇಬಿಯದ ವಿವಾದವೊಂದು ಕನ್ನಡ ನಾಡಿನ ದರ್ಬಾರಿನಲ್ಲಿ ಅಧಿಕಾರದ ಪ್ರಶ್ನೆಯಾಗಿ ಉಳಿಯಿತು.

ಇಂದಿನ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಪ್ರದೇಶವೂ ಆದಿಲ್ ಶಾಹಿ ಆಳ್ವಿಕೆಗೆ ಒಳಪಟ್ಟಿತ್ತು; ಹುಕ್ಕೇರಿಯಲ್ಲಿ ಆ ಕಾಲದ ಗುಮ್ಮಟಗಳಿವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಪಂಜಾಗಳನ್ನು ಕೂಡಿಸಿ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. ಇದರಲ್ಲಿ ಸುನ್ನಿ ಮುಸ್ಲಿಮರೂ ಹಿಂದೂಗಳೂ ಭಾಗವಹಿಸುವುದರಿಂದ, ಶಿಯಾ ಸ್ಮೃತಿಯು ಇಲ್ಲಿ ಪಂಥದ ಎಲ್ಲೆಯನ್ನು ಮೀರಿ ಊರಿನ ಹಬ್ಬವಾಗಿ ಬೆಳೆದಿದೆ.