ಕೆರೆ ಕಟ್ಟಿಸಿದ ಕೆಂಪೇಗೌಡರು

ಈ ಸಲ ನಾನು ನಾಡಪ್ರಭು ಹಿರಿಯ ಕೆಂಪೇಗೌಡರ ಬಗ್ಗೆ ಬರೀತಿದ್ದೀನಿ. ಇವರು ಯಲಹಂಕದ ಪ್ರಭುಗಳು, ವಿಜಯನಗರದ ಸಾಮಂತರು. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರು ಪೇಟೆ ಮಾಡಿಸಿದರು. ಇಲ್ಲಿ ದೊಡ್ಡ ಹೊಳೆಯಿಲ್ಲ. ಜನಕ್ಕೆ, ಗದ್ದೆಗೆ, ದನಕರುಗಳಿಗೆ ನೀರು ಬೇಕಲ್ಲ? ಅದಕ್ಕೇ ಮಳೆನೀರು ನಿಲ್ಲಿಸಲು ಕೆರೆಗಳನ್ನು ಕಟ್ಟಿಸಿದರು. ಮನೆದೇವತೆ ಕೆಂಪಮ್ಮನ ಹೆಸರಲ್ಲಿ ಕೆಂಪಾಂಬುಧಿ ಆಯಿತು. ಧರ್ಮಾಂಬುಧಿ, ಸಂಪಂಗಿ ಕೆರೆಗಳೂ ಅವರವೇ ಅಂತಾರೆ.

ಸ್ವಂತ ನಾಣ್ಯ ಹೊಡೆಸಿದ್ದಕ್ಕೆ ಅರಸರು ಸಿಟ್ಟಾಗಿ ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಬಂದು ಮತ್ತೆ ನಾಡನ್ನಾಳಿದರು. 1569ರಲ್ಲಿ ತೀರಿಕೊಂಡರು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವರ ಸಮಾಧಿ ಇರುವುದು 2015ರಲ್ಲಿ ಬೆಳಕಿಗೆ ಬಂತು.

ಧರ್ಮಾಂಬುಧಿಯಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಅದಕ್ಕೆ ಕೆಂಪೇಗೌಡರ ಹೆಸರೇ ಇಟ್ಟಿದ್ದಾರೆ, ಕೆರೆ ಮಾತ್ರ ಇಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು.

ನಮ್ಮ ಹೇರೋಹಳ್ಳಿ ಕೆರೆ ಇನ್ನೂ ಇದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇಂಥ ಕೆರೆಗಳನ್ನೇ ನಂಬಿಕೊಂಡಿವೆ. ಅವು ಮೀನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಹೋಗೋಕಾಗುತ್ತಾ? ಕಾಲುವೆಗೆ ಕಸ, ಕೊಳಚೆ ಸೇರದಂತೆ ನೋಡಿಕೊಂಡರೆ ಒಳ್ಳೇ ನೀರು ಬರುತ್ತೆ, ಹಕ್ಕಿಗಳೂ ಬರ್ತವೆ. ಕೆಂಪೇಗೌಡರ ಜಯಂತಿ ಮಾಡುವಾಗ ಈ ಕೆಲಸವನ್ನೂ ಮಾಡೋಣ ಅಂತ ನನ್ನ ಆಸೆ.